ರಿಪೇರಿಗೆ ಬಿಡುವು ಕೊಡದ ಕೆಫೀನು

ಕನ್ನಡ ಬ್ಲಾಗುಗಳಲ್ಲಿ ಮಳೆಯನ್ನು ಬಿಟ್ಟರೆ ಅತಿ ಹೆಚ್ಚು ಬರಹ ಬಂದಿರೋದು ಬಹುಶಃ ಕಾಫಿಯ ಮೇಲೇ ಇರಬೇಕು. ನನ್ನದೂ ಒಂದು ಇರಲಿ ಅಂತ ಇದು. ಆದರೆ ಇಲ್ಲಿ ಡಿಕಾಕ್ಷನ್ನಿನ ಘಮ ಇಲ್ಲ, ಹಿತ್ತಾಳೆ ಫಿಲ್ಟರೂ ಇಲ್ಲ. ಕಾಫಿಯೊಳಗಿನ ಕೆಫೀನು ಕ್ಯಾನ್ಸರ್ ಆಸ್ಪತ್ರೆಯ ಬಾಗಿಲವರೆಗೂ ಹೋಗಿ, ಒಳಗೂ ಕಾಲಿಟ್ಟು, ಕೊನೆಗೆ ಹೊರಗೆ ಬಂದ ಕಥೆ ಇದೆ. ಹೊರಗೆ ಬರುವಾಗ ಅದು ಒಳಗೆ ಏನನ್ನು ಬಿಟ್ಟು ಬಂತು ಅನ್ನೋದೇ ನನಗೆ ಮುಖ್ಯ ಅನ್ನಿಸಿದ್ದು.

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದು ಇಂಜಿನಿಯರಿಂಗು. ಜೀವಶಾಸ್ತ್ರಕ್ಕೆ ಪಿಯುಸಿಯಲ್ಲೇ ಕೈಮುಗಿದವನು. ಹಾಗಾಗಿ ನನಗೆ ಅರ್ಥವಾಗೋ ಭಾಷೆಯಲ್ಲೇ ಬರೀತೀನಿ.

ಕೆಫೀನು ಮೊದಲ ಸಲ ಶುದ್ಧ ರೂಪದಲ್ಲಿ ಸಿಕ್ಕಿದ್ದು 1819ರಲ್ಲಿ, ಜರ್ಮನಿಯಲ್ಲಿ. ಯೇನಾ ಊರಿನಲ್ಲಿ ಓದುತ್ತಿದ್ದ ಫ್ರೀಡ್‌ಲೀಬ್ ರುಂಗೆ ಅನ್ನೋ ಯುವಕ ಬೆಲ್ಲಡೋನ ಗಿಡದ ರಸದಿಂದ ಬೆಕ್ಕಿನ ಕಣ್ಣಿನ ಪಾಪೆ ಅರಳುವುದನ್ನು ಕವಿ ಗಯಟೆಗೆ ತೋರಿಸಿದನಂತೆ. ಖುಷಿಯಾದ ಗಯಟೆ ಅವನ ಕೈಗೆ ಒಂದಿಷ್ಟು ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ನೋಡು ಅಂದ. ರುಂಗೆ ನೋಡಿದ. ಸಿಕ್ಕಿದ್ದು ಕೆಫೀನು.

ಆಮೇಲೆ ಅದರ ದಾಯಾದಿಗಳು ಒಬ್ಬೊಬ್ಬರಾಗಿ ಸಿಕ್ಕರು. 1841ರಲ್ಲಿ ಕೋಕೋದಿಂದ ಥಿಯೋಬ್ರೋಮಿನ್, 1888ರಲ್ಲಿ ಚಹಾ ಎಲೆಯಿಂದ ಥಿಯೋಫಿಲಿನ್. ಇವೆಲ್ಲಾ ಕ್ಸಾಂಥೀನ್ ಅನ್ನೋ ಒಂದೇ ಮನೆತನದವು. ಥಿಯೋಫಿಲಿನ್ ಹುಡುಕಿದ ಆಲ್ಬ್ರೆಕ್ಟ್ ಕಾಸೆಲ್, ಅದಕ್ಕೂ ಮೂರು ವರ್ಷ ಮೊದಲು 1885ರಲ್ಲಿ ಅಡೆನಿನ್ ಹುಡುಕಿದ್ದ. ಅಡೆನಿನ್ ಅಂದರೆ ನಮ್ಮ ಡಿಎನ್ಎ ಬರೆದಿರುವ ನಾಲ್ಕು ಅಕ್ಷರಗಳಲ್ಲಿ ಒಂದು. ಅಡೆನಿನ್ ಮತ್ತು ಕೆಫೀನಿನ ಚಿತ್ರ ಅಕ್ಕಪಕ್ಕ ಇಟ್ಟು ನೋಡಿ, ಒಂದೇ ಅಚ್ಚಿನಲ್ಲಿ ಒತ್ತಿ ಸ್ವಲ್ಪ ಬದಲಾಯಿಸಿದ ಹಾಗಿವೆ.

ಈ ಹೋಲಿಕೆಯಿಂದ ಸಹಜವಾಗಿಯೇ ಒಂದು ಅನುಮಾನ ಹುಟ್ಟಿತು. ಡಿಎನ್ಎ ಅಕ್ಷರದಂತೆಯೇ ಕಾಣುವ ಈ ವಸ್ತು ಜೀವಕೋಶದೊಳಗೆ ಹೋಗಿ ತೊಂದರೆ ಮಾಡದೆ ಇರುತ್ತಾ? 1948ರಲ್ಲಿ ಸ್ವೀಡನ್ನಿನ ನಿಲ್ಸ್ ಫ್ರೀಸ್ ಮತ್ತು ಬೆಂಗ್ಟ್ ಕಿಲ್ಮನ್, ಕೆಫೀನ್ ಜಾತಿಯ ವಸ್ತುಗಳು ಒಂದು ಬಗೆಯ ಶಿಲೀಂಧ್ರದ ವಂಶವಾಹಿಗಳಲ್ಲಿ ಬದಲಾವಣೆ ತರುತ್ತವೆ ಅಂತ ತೋರಿಸಿದರು. ಕೆಫೀನನ್ನು ಡಿಎನ್ಎ ಲ್ಯಾಬಿನೊಳಗೆ ಕರೆತಂದಿದ್ದು ಇಂಥ ಕೆಲಸಗಳು.

ಇತ್ತ ಕೀಮೋಥೆರಪಿ ಹುಟ್ಟಿದ್ದೇ ಬೇರೆ ಕಡೆ. ಅದರ ಮೂಲ ಒಂದು ಯುದ್ಧಾಸ್ತ್ರ. ಮೊದಲ ಮಹಾಯುದ್ಧದ ಮಸ್ಟರ್ಡ್ ಗ್ಯಾಸಿನ ಹತ್ತಿರದ ನಂಟ ನೈಟ್ರೋಜನ್ ಮಸ್ಟರ್ಡ್. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಗುಡ್‌ಮನ್ ಮತ್ತು ಆಲ್ಫ್ರೆಡ್ ಗಿಲ್ಮನ್ ಇದನ್ನು ಕ್ಯಾನ್ಸರ್ ಮೇಲೆ ಪ್ರಯೋಗಿಸಲು ಹೊರಟರು. ಅದೇ ವರ್ಷ ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದ ಒಬ್ಬ ರೋಗಿಗೆ ಅದನ್ನು ಕೊಟ್ಟರು. ಗೆಡ್ಡೆಗಳು ಕರಗಿದವು, ಸ್ವಲ್ಪ ದಿನದಲ್ಲಿ ಮತ್ತೆ ಬಂದವು. ಯುದ್ಧಕಾಲದ ಗುಟ್ಟಾದ್ದರಿಂದ ವಿಷಯ ಪ್ರಕಟವಾಗಿದ್ದು 1946ರಲ್ಲಿ.

"ಕರಗಿದವು, ಮತ್ತೆ ಬಂದವು." ಕೀಮೋಥೆರಪಿ ಕಂಡ ಯಾವ ಮನೆಯವರಿಗೂ ಈ ಎರಡು ಮಾತು ಹೊಸದಲ್ಲ. ನೈಟ್ರೋಜನ್ ಮಸ್ಟರ್ಡ್ ಡಿಎನ್ಎ ಏಣಿಯ ಎರಡು ಕಾಲುಗಳನ್ನೂ ಸೇರಿಸಿ ಬಿಗಿದುಬಿಡುತ್ತದೆ. ಆದರೆ ಎಲ್ಲಾ ಕೋಶಗಳೂ ಸಾಯೋದಿಲ್ಲ. ಕೆಲವು ತಮ್ಮ ಡಿಎನ್ಎಯನ್ನು ತಾವೇ ರಿಪೇರಿ ಮಾಡಿಕೊಂಡು ಎದ್ದು ಕೂರುತ್ತವೆ. ಈ ರಿಪೇರಿಯನ್ನೇ ತಡೆದರೆ? ಔಷಧದ ಡೋಸು ಏರಿಸದೆ ಅದೇ ಡೋಸಿನಿಂದ ಹೆಚ್ಚು ಕೆಲಸ ಮಾಡಿಸಬಹುದಲ್ಲ?

ಕೆಫೀನು ಕಥೆಯೊಳಗೆ ಬರೋದು ಇಲ್ಲೇ. 1967ರಲ್ಲಿ ಟೊರಾಂಟೋದ ರೌತ್ ಎಂಬ ವಿಜ್ಞಾನಿ ಇಲಿಯ ಕೋಶಗಳಿಗೆ ನೇರಳಾತೀತ ಬೆಳಕು ಬೀರಿ, ಆಮೇಲೆ ಕೆಫೀನು ಸೇರಿಸಿದಾಗ ಮಾಮೂಲಿಗಿಂತ ಹೆಚ್ಚು ಕೋಶಗಳು ಸತ್ತವು. 1974ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ವಾಲ್ಟರ್ಸ್ ಮತ್ತು ಜೊತೆಗಾರರು ಇನ್ನೊಂದು ವಿಚಿತ್ರ ಕಂಡರು. ವಿಕಿರಣ ತಗುಲಿದ ಕೋಶಗಳು ಸಾಮಾನ್ಯವಾಗಿ ವಿಭಜನೆಗೆ ಮುಂಚೆ ತುಂಬಾ ಹೊತ್ತು ನಿಂತುಬಿಡುತ್ತವೆ. ಕೆಫೀನು ಕೊಟ್ಟರೆ ಹಾಗೆ ನಿಲ್ಲುವುದಿಲ್ಲ, ಸೀದಾ ಮುಂದೆ ಹೋಗುತ್ತವೆ! 1977ರಿಂದಾಚೆಗೆ ಸೇಂಟ್ ಲೂಯಿಸಿನ ಟೋಲ್ಮಾಕ್ ತಂಡ ಹೀಲಾ ಕೋಶಗಳಲ್ಲಿ ಇದನ್ನೇ ವಿವರವಾಗಿ ನೋಡಿತು. ಹೀಲಾ ಅಂದರೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಕ್ಯಾನ್ಸರ್ ಗೆಡ್ಡೆಯಿಂದ ಆಕೆಗೆ ಹೇಳದೆ ತೆಗೆದುಕೊಂಡ, ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿರುವ ಕೋಶಗಳು.

ಅಂದರೆ ಕೈಯಲ್ಲಿ ಎರಡು ಸಂಗತಿ ಇದ್ದವು. ಕೆಫೀನು ಕೊಟ್ಟರೆ ಏಟು ತಿಂದ ಕೋಶ ಹೆಚ್ಚು ಸಾಯುತ್ತದೆ. ಕೆಫೀನು ಕೊಟ್ಟರೆ ಏಟು ತಿಂದ ಕೋಶ ನಿಲ್ಲದೆ ಓಡುತ್ತದೆ. ಇವೆರಡಕ್ಕೂ ಸಂಬಂಧ ಏನು? ಕೆಫೀನು ರಿಪೇರಿ ಯಂತ್ರಕ್ಕೇ ಅಡ್ಡ ಕೂರುತ್ತದೆ ಅನ್ನೋದು ಆಗ ಹಲವರ ಊಹೆಯಾಗಿತ್ತು.

ಈ ಎರಡನ್ನೂ ಒಂದೇ ದಾರಕ್ಕೆ ಪೋಣಿಸಿದ್ದು 1982ರಲ್ಲಿ ಬಾಸ್ಟನ್ನಿನ ಚಿಂಗ್ ಲಾವ್ ಮತ್ತು ಆರ್ಥರ್ ಪಾರ್ಡಿ. ಪಾರ್ಡಿ ಸಾಮಾನ್ಯ ಆಸಾಮಿ ಅಲ್ಲ. ವಂಶವಾಹಿ ಹೇಗೆ ಆನ್-ಆಫ್ ಆಗುತ್ತದೆ ಅಂತ 1959ರಲ್ಲಿ ಪ್ಯಾರಿಸ್ಸಿನ ಜೇಕಬ್ ಮತ್ತು ಮೊನೋ ಜೊತೆ ತೋರಿಸಿದವರಲ್ಲಿ ಒಬ್ಬರು. ಲಾವ್ ಮತ್ತು ಪಾರ್ಡಿ ಪುಟ್ಟ ಹ್ಯಾಮ್‌ಸ್ಟರ್ ಪ್ರಾಣಿಯ ಕೋಶಗಳಿಗೆ ಅದೇ ಹಳೇ ನೈಟ್ರೋಜನ್ ಮಸ್ಟರ್ಡ್ ಕೊಟ್ಟರು. ಕೋಶಗಳು ಡಿಎನ್ಎ ನಕಲು ಮುಗಿಸಿ, ಎರಡಾಗಿ ಒಡೆಯುವ ಮುಂಚಿನ ಜಿ2 ಅನ್ನೋ ಹಂತದಲ್ಲಿ ನಿಂತವು. ಅಲ್ಲಿ ನಿಂತಿದ್ದಾಗ ಅವು ಸುಮ್ಮನೆ ಕೂತಿರಲಿಲ್ಲ, ಡಿಎನ್ಎ ರಿಪೇರಿ ಮಾಡಿಕೊಳ್ಳುತ್ತಿದ್ದವು. ಕೆಫೀನು ಸೇರಿಸಿದಾಗ ನಿಲುಗಡೆಯೇ ಇಲ್ಲವಾಯಿತು. ಮುರುಕು ಡಿಎನ್ಎ ಇಟ್ಟುಕೊಂಡೇ ವಿಭಜನೆಗೆ ಹೊರಟ ಕೋಶಗಳ ನ್ಯೂಕ್ಲಿಯಸ್ಸು ಚೂರುಚೂರಾಯಿತು, ಕೋಶ ಸತ್ತಿತು.

ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಗ್ ಇದೆ ಅಂತ ಗೊತ್ತಾದ ಕೂಡಲೇ ರಿಲೀಸು ನಿಲ್ಲಿಸಿ, ಸರಿಮಾಡಿ, ಆಮೇಲೆ ಬಿಡೋದು ನಿಯಮ. ಕೆಫೀನು ಮಾಡಿದ್ದು ಬಗ್ ಸರಿಮಾಡುವ ಹುಡುಗರನ್ನು ಕೊಂದಿದ್ದಲ್ಲ. ಅವರಿಗೆ ಸಿಗಬೇಕಾದ ಎರಡು ದಿನವನ್ನು ಕಿತ್ತುಕೊಂಡು, ಶುಕ್ರವಾರ ಸಂಜೆಯೇ ರಿಲೀಸ್ ಮಾಡಿಸಿದ್ದು. ಸೋಮವಾರ ಬೆಳಿಗ್ಗೆ ಏನಾಗಿರುತ್ತೆ ಅಂತ ನಿಮಗೇ ಗೊತ್ತು :)

ಆರು ವರ್ಷದ ನಂತರ ಇದರ ತದ್ವಿರುದ್ಧ ಪ್ರಯೋಗ ನಡೆಯಿತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದದ್ದು ಅದೇ. ಅಮೆರಿಕದ ಟೆಡ್ ವೈನರ್ಟ್ ಮತ್ತು ಲೀಲ್ಯಾಂಡ್ ಹಾರ್ಟ್‌ವೆಲ್ ಯೀಸ್ಟ್ ಮೇಲೆ ಕೆಲಸ ಮಾಡುತ್ತಿದ್ದರು. ರ್‍ಯಾಡ್9 ಅನ್ನೋ ವಂಶವಾಹಿ ಕೆಟ್ಟ ಯೀಸ್ಟು ವಿಕಿರಣ ತಗುಲಿದರೂ ನಿಲ್ಲುವುದಿಲ್ಲ, ಓಡಿ ಸಾಯುತ್ತದೆ. ಇವರು ಬೇರೊಂದು ರಾಸಾಯನಿಕ ಹಾಕಿ ಅಂಥ ಯೀಸ್ಟನ್ನು ಬಲವಂತವಾಗಿ ಕೆಲವು ಗಂಟೆ ನಿಲ್ಲಿಸಿದರು. ನಿಂತಿದ್ದೇ ತಡ, ಬಹಳಷ್ಟು ಬದುಕಿಕೊಂಡವು! ಅಂದರೆ ರಿಪೇರಿಯ ಸಾಮಾನು ಅವುಗಳ ಹತ್ತಿರ ಇತ್ತು. ಇಲ್ಲದೇ ಇದ್ದದ್ದು ನಿಲ್ಲುವ ಬುದ್ಧಿ. 1988ರಲ್ಲಿ ಇದು ಪ್ರಕಟವಾಯಿತು. ಹೀಗೆ ಕೋಶ ನಿಂತು ನೋಡುವ ಜಾಗಕ್ಕೆ ಚೆಕ್‌ಪಾಯಿಂಟ್ ಅನ್ನೋ ಹೆಸರು ನಿಂತಿತು. ನಮ್ಮ ಕಡೆ ಹೆದ್ದಾರಿಯ ಚೆಕ್‌ಪೋಸ್ಟ್ ಇದ್ದ ಹಾಗೆ ಅಂದುಕೊಳ್ಳಿ. ಹಾರ್ಟ್‌ವೆಲ್‌ಗೆ 2001ರಲ್ಲಿ ಟಿಮ್ ಹಂಟ್ ಮತ್ತು ಪಾಲ್ ನರ್ಸ್ ಜೊತೆ ನೊಬೆಲ್ ಬಂತು.

ಈಗ ಒಂದು ಪ್ರಶ್ನೆ ಏಳಬೇಕು. ಚೆಕ್‌ಪೋಸ್ಟು ಒಳ್ಳೆಯ ಕೋಶಗಳಲ್ಲೂ ಇದೆಯಲ್ಲ, ಕೆಫೀನು ಕೊಟ್ಟರೆ ಅವೂ ಸಾಯಬೇಕಲ್ಲ? ಇದಕ್ಕೆ ಅರ್ಧ ಉತ್ತರ ಸಿಕ್ಕಿದ್ದು 1995ರಲ್ಲಿ. ಆರೋಗ್ಯವಾದ ಕೋಶಕ್ಕೆ ದಾರಿಯಲ್ಲಿ ಎರಡು ಮುಖ್ಯ ಚೆಕ್‌ಪೋಸ್ಟು. ಡಿಎನ್ಎ ನಕಲು ಮಾಡುವ ಮುಂಚೆ ಒಂದು, ಒಡೆಯುವ ಮುಂಚೆ ಇನ್ನೊಂದು. ಮೊದಲನೆಯದನ್ನು ಕಾಯೋದು ಪಿ53 ಅನ್ನೋ ಪ್ರೋಟೀನು. ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಪಿ53 ಕೆಟ್ಟಿರುತ್ತದೆ. ಅಂಥ ಕೋಶಕ್ಕೆ ಉಳಿದಿರೋದು ಎರಡನೇ ಚೆಕ್‌ಪೋಸ್ಟು ಮಾತ್ರ. ಅದನ್ನೂ ಎತ್ತಿಬಿಟ್ಟರೆ ಕ್ಯಾನ್ಸರ್ ಕೋಶಕ್ಕೆ ನಿಲ್ಲಲು ಜಾಗವೇ ಇಲ್ಲ, ಒಳ್ಳೆಯ ಕೋಶ ಮೊದಲನೆಯದರಲ್ಲಿ ನಿಂತು ಸುಧಾರಿಸಿಕೊಳ್ಳುತ್ತದೆ. ಆ ವರ್ಷ ಬಂದ ಪ್ರಯೋಗಗಳಲ್ಲಿ ಪಿ53 ಇಲ್ಲದ ಕೋಶಗಳ ಮೇಲೆ ಕೆಫೀನು ಮತ್ತು ವಿಕಿರಣದ ಜೋಡಿ ಹೆಚ್ಚು ಕೆಲಸ ಮಾಡಿತು. ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಸಿಸ್‌ಪ್ಲಾಟಿನ್ ಔಷಧ ಮತ್ತು ಕೆಫೀನಿನ ತಮ್ಮ ಪೆಂಟಾಕ್ಸಿಫಿಲಿನ್ ಜೋಡಿಯೂ ಹಾಗೇ ಮಾಡಿತು.

ಇಷ್ಟು ಓದಿದ ಮೇಲೆ ಯಾರಿಗಾದರೂ ಆಸೆ ಆಗುತ್ತೆ. ಕಾಫಿ ಅಗ್ಗ, ಸುಲಭ, ದಿನಾ ಕುಡಿಯೋದೇ. ಕೀಮೋ ಹಾಕಿಸಿಕೊಳ್ಳುತ್ತಿದ್ದ ನನ್ನ ದೊಡ್ಡಪ್ಪನೂ "ಏನೋ, ವಾಟ್ಸಾಪ್‌ನಲ್ಲಿ ಬಂದಿದೆ, ಇನ್ನೆರಡು ಲೋಟ ಜಾಸ್ತಿ ಕುಡಿದರೆ ಮದ್ದು ಚೆನ್ನಾಗಿ ಹತ್ತುತ್ತಂತೆ, ಹೌದಾ?" ಅಂತ ಫೋನಿನಲ್ಲಿ ಕೇಳಿದ್ದರು. ನಾನು ಈ ವಿಷಯ ಹುಡುಕಿ ಓದಲು ಶುರುಮಾಡಿದ್ದೇ ಅವರಿಗೆ ಉತ್ತರ ಹೇಳಬೇಕು ಅಂತ. ಉತ್ತರ ಇರೋದು ಲೆಕ್ಕದಲ್ಲಿ.

ಒಂದು ಲೋಟ ಸ್ಟ್ರಾಂಗ್ ಕಾಫಿಯಲ್ಲಿ ಹೆಚ್ಚುಕಡಿಮೆ 100 ಮಿಲಿಗ್ರಾಂ ಕೆಫೀನು ಅಂತಿಟ್ಟುಕೊಳ್ಳಿ. ಕುಡಿದ ಮೇಲೆ ರಕ್ತದಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಕೆಫೀನು ಇರುತ್ತದೆ. ಲ್ಯಾಬಿನಲ್ಲಿ ಈ ಚಮತ್ಕಾರ ತೋರಿಸಲು ಸಾಮಾನ್ಯವಾಗಿ ಬಳಸುತ್ತಿದ್ದದ್ದು 1ರಿಂದ 2 ಮಿಲಿಮೋಲಾರ್. ಕೆಫೀನಿನ ಅಣುತೂಕ 194. ಗುಣಿಸಿದರೆ 2 ಮಿಲಿಮೋಲಾರ್ ಅಂದರೆ ಲೀಟರಿಗೆ 388 ಮಿಲಿಗ್ರಾಂ. ಲೋಟದ ಕಾಫಿಗಿಂತ ಸುಮಾರು 200 ಪಟ್ಟು! ರಕ್ತದಲ್ಲಿ ಲೀಟರಿಗೆ 80 ಮಿಲಿಗ್ರಾಂ ದಾಟಿದರೇ ಪ್ರಾಣಕ್ಕೆ ಅಪಾಯ. ಕ್ಯಾನ್ಸರ್ ಕೋಶಕ್ಕೆ ಮುಟ್ಟುವ ಮುಂಚೆಯೇ ಹೃದಯದ ಲಯ ತಪ್ಪಿರುತ್ತದೆ. ಇನ್ನೆರಡು ಲೋಟದಿಂದ ಆಗೋದು ಅಂದರೆ ರಾತ್ರಿ ನಿದ್ದೆ ಕೆಡೋದು ಅಷ್ಟೇ.

ಈ ಲೆಕ್ಕ ವೈದ್ಯರಿಗೂ ಗೊತ್ತಿತ್ತು. ಹಾಗಾಗಿ ಕೆಲವರು ಕೆಫೀನನ್ನು ಬಿಟ್ಟು ಅದರ ದಾಯಾದಿಗಳ ಕಡೆ ತಿರುಗಿದರು. ಕಾಲಿನ ರಕ್ತಸಂಚಾರ ಸುಧಾರಿಸಲು ಮೊದಲೇ ಬಳಕೆಯಲ್ಲಿದ್ದ ಪೆಂಟಾಕ್ಸಿಫಿಲಿನ್ನನ್ನು ಥಿಯೋಟೆಪಾ ಅನ್ನೋ ಕೀಮೋ ಔಷಧದ ಜೊತೆ ರೋಗಿಗಳಿಗೆ ಕೊಟ್ಟು ನೋಡಿದ ವರದಿ 1990ರಲ್ಲಿ ಬಂತು. ಬರೆದವರಲ್ಲಿ ಪಾರ್ಡಿಯೂ ಒಬ್ಬರು. ಕೀಮೋಥೆರಪಿಯ ಮಾಮೂಲಿ ಪದ್ಧತಿಯಾಗುವ ಮಟ್ಟಕ್ಕೆ ಅದು ಬೆಳೆಯಲಿಲ್ಲ.

ಕೆಫೀನನ್ನೇ ನೇರವಾಗಿ ರಕ್ತನಾಳಕ್ಕೆ ಹಾಕುವ ಧೈರ್ಯ ಮಾಡಿದ್ದು ಜಪಾನಿನ ಕನಜಾವ ವಿಶ್ವವಿದ್ಯಾಲಯದ ಮೂಳೆ ವೈದ್ಯರು. ಆಸ್ಟಿಯೋಸಾರ್ಕೋಮ ಅನ್ನೋ ಮೂಳೆ ಕ್ಯಾನ್ಸರು ಹೆಚ್ಚಾಗಿ ಬರೋದು ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರಿಗೆ, ಅದೂ ಮಂಡಿಯ ಆಸುಪಾಸು. ಕೀಮೋಥೆರಪಿ ಬರುವ ಮುಂಚೆ ಕಾಲನ್ನೇ ಕತ್ತರಿಸುತ್ತಿದ್ದರು, ಅಷ್ಟಾದರೂ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಹಿರೋಯುಕಿ ತ್ಸುಚಿಯ ಮತ್ತು ಕತ್ಸುರೊ ತೊಮಿತ ತಂಡ 1980ರ ದಶಕದ ಕೊನೆಯಿಂದ ಸಿಸ್‌ಪ್ಲಾಟಿನ್, ಡಾಕ್ಸೋರುಬಿಸಿನ್ ಜೊತೆ ಕೆಫೀನು ಸೇರಿಸಿತು. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ ಒಂದೂವರೆ ಗ್ರಾಂ ಲೆಕ್ಕದಲ್ಲಿ, ಮೂರು ದಿನ ಬಿಡದೆ ಹನಿಹನಿಯಾಗಿ. ದೊಡ್ಡವರಿಗಾದರೆ ದಿನಕ್ಕೆ ಇಪ್ಪತ್ತು ಲೋಟ ಕಾಫಿಯನ್ನೂ ಮೀರುವ ಕೆಫೀನು ಅದು. ಮನೆಯಲ್ಲಿ ಯಾರೂ ಮಾಡಬಾರದ ಕೆಲಸ. ಗೆಡ್ಡೆಯ ಹೆಚ್ಚಿನ ಭಾಗ ಆಪರೇಷನ್ನಿಗೆ ಮುಂಚೆಯೇ ಸಾಯುತ್ತಿದೆ, ಹಾಗಾಗಿ ಮಾಂಸಖಂಡ ಕಡಿಮೆ ತೆಗೆದು ಕಾಲು ಉಳಿಸಬಹುದು ಅಂತ ಅವರು 1998ರ ಹೊತ್ತಿಗೆ ಬರೆದರು.

ಓದಿದರೆ ಮೈ ಜುಮ್ಮೆನ್ನುತ್ತೆ. ಆದರೆ ಇಲ್ಲಿ ಒಂದು ತೊಡಕಿದೆ. ಮೂರು ಔಷಧ ಒಟ್ಟಿಗೆ ಕೊಟ್ಟಾಗ ಗೆಡ್ಡೆ ಸತ್ತಿದ್ದು ಕೆಫೀನಿನಿಂದಲಾ, ಉಳಿದ ಎರಡರಿಂದಲಾ? ಗೊತ್ತಾಗಬೇಕಾದರೆ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಕೆಫೀನು ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಬೇಕು. ಒಂದು ಆಸ್ಪತ್ರೆಯ ಒಳ್ಳೆಯ ಫಲಿತಾಂಶ ಆ ಹೋಲಿಕೆಯ ಜಾಗದಲ್ಲಿ ಕೂರಲಾರದು. ಮುಂದೆ 2014ರಲ್ಲಿ, ಒಪ್ಪಿಗೆ ಪಡೆದ ಅವಧಿ ಮುಗಿದ ಮೇಲೂ ಈ ಪ್ರಯೋಗ ನಡೆದಿತ್ತು ಅಂತ ಆ ವಿಶ್ವವಿದ್ಯಾಲಯದ ಆಸ್ಪತ್ರೆಯೇ ಹೇಳಬೇಕಾಗಿ ಬಂತು. ಚಿಕಿತ್ಸೆಯ ಹೆಸರಿಗೆ ದೊಡ್ಡ ಪೆಟ್ಟು ಬಿತ್ತು.

ಇನ್ನೂ ಎರಡು ಸಂಗತಿ ಹೇಳದಿದ್ದರೆ ಕಥೆ ಒಂದು ಕಡೆಗೇ ವಾಲುತ್ತೆ. 1991ರಲ್ಲಿ ಅಮೆರಿಕದ ಒಂದು ತಂಡ, ಕೆಫೀನು ಡಾಕ್ಸೋರುಬಿಸಿನ್ ಅಣುವಿಗೇ ಅಂಟಿಕೊಂಡು ಅದು ಡಿಎನ್ಎ ಸೇರದಂತೆ ಮಾಡಬಲ್ಲದು ಅಂತ ತೋರಿಸಿತು. ಸಹಾಯಕ್ಕೆ ಕರೆದವನೇ ಕೈ ಹಿಡಿದು ಎಳೆದ ಹಾಗೆ!

ಎರಡನೆಯದು ನಮ್ಮ ದೇಶದ್ದೇ. ಪಿ. ಸಿ. ಕೇಶವನ್ ಎಂಬ ವಿಜ್ಞಾನಿ 1970ರ ದಶಕದಿಂದಲೂ ಬಾರ್ಲಿ ಬೀಜಗಳ ಮೇಲೆ ವಿಕಿರಣ ಮತ್ತು ಕೆಫೀನಿನ ಆಟ ನೋಡುತ್ತಾ ಬಂದವರು. ಅವರೂ ಸೇರಿ ಮುಂಬೈಯ ಬಾಬಾ ಅಣು ಸಂಶೋಧನಾ ಕೇಂದ್ರದ ತಂಡ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ಮೊದಲು ಕೆಫೀನು ಕೊಟ್ಟು, ಒಂದು ಗಂಟೆಯ ನಂತರ ಸಾಯುವಷ್ಟು ಗಾಮಾ ಕಿರಣ ಹಾಯಿಸಿದರು. ಕೆಫೀನು ಸಿಗದ ಇಲಿಗಳು ಒಂದೂ ಉಳಿಯಲಿಲ್ಲ. ಸರಿಯಾದ ಪ್ರಮಾಣದಲ್ಲಿ ಸಿಕ್ಕವುಗಳಲ್ಲಿ ಶೇಕಡಾ 70 ಬದುಕಿದವು. ಏಟು ಬಿದ್ದ ಮೇಲೆ ಕೊಂದ ಕೆಫೀನು, ಏಟಿಗೆ ಮುಂಚೆ ಬಂದರೆ ಕಾಯುತ್ತದೆ. ವಿಕಿರಣ ಹುಟ್ಟುಹಾಕುವ ಉಪದ್ರವಿ ಆಮ್ಲಜನಕ ಕಣಗಳನ್ನು ಅದು ಹೀರಿಕೊಳ್ಳುತ್ತದೆ ಅನ್ನೋದು ಅವರ ವಿವರಣೆ. ಯಾವಾಗ, ಎಷ್ಟು, ಯಾವ ಔಷಧದ ಜೊತೆ ಅನ್ನೋದರ ಮೇಲೆ ಅದೇ ಪುಡಿ ಮಿತ್ರನೂ ಆಗುತ್ತೆ, ಶತ್ರುವೂ ಆಗುತ್ತೆ.

ಹಾಗಾದರೆ ಕೆಫೀನು ಸೋತಿತಾ? ಔಷಧವಾಗಿ ಸೋತಿತು ಅನ್ನಬಹುದು. ಆದರೆ ಅದೇ 1999ರಲ್ಲಿ ಜಾನ್ ಸರ್ಕಾರಿಯಾ, ರಾಬರ್ಟ್ ಅಬ್ರಹಾಂ ಮತ್ತಿತರರು ಕೆಫೀನು ತಡೆಯುವುದು ಎಟಿಎಂ ಮತ್ತು ಎಟಿಆರ್ ಅನ್ನೋ ಎರಡು ಪ್ರೋಟೀನುಗಳನ್ನು ಅಂತ ತೋರಿಸಿದರು. (ಎಟಿಎಂ ಅಂದರೆ ದುಡ್ಡಿನ ಮೆಷಿನ್ನು ಅಲ್ಲ!) ಡಿಎನ್ಎಗೆ ಪೆಟ್ಟು ಬಿದ್ದಾಗ "ನಿಲ್ಲಿ!" ಅಂತ ಕೂಗೋದು ಇವೇ. 2003ರಲ್ಲಿ ಡೇವಿಡ್ ಕಾರ್ಟೆಜ್, ಜೀವಂತ ಕೋಶದೊಳಗೆ ಕೆಫೀನು ಇವೆರಡನ್ನು ತಡೆಯದೆಯೂ ಚೆಕ್‌ಪೋಸ್ಟ್ ಎತ್ತಬಲ್ಲದು ಅಂತ ತಕರಾರು ತೆಗೆದರು. ಆದರೂ ದಾರಿ ಕಂಡಾಗಿತ್ತು. ನಿಲ್ಲು ಅನ್ನುವವನು ಯಾರು ಅಂತ ಗೊತ್ತಾದ ಮೇಲೆ, ಅವನೊಬ್ಬನ ಬಾಯಿ ಮಾತ್ರ ಮುಚ್ಚಿಸುವ ಅಣುವನ್ನು ಹುಡುಕಬಹುದು. ಕೆಫೀನಿನಂತೆ ಹೃದಯ, ಮಿದುಳು ಎಲ್ಲವನ್ನೂ ಕೆಣಕಬೇಕಾಗಿಲ್ಲ.

ಆ ದಾರಿಯೂ ಸಲೀಸಲ್ಲ. ಯುಸಿಎನ್-01 ಅನ್ನೋ ಔಷಧ ಲ್ಯಾಬಿನಲ್ಲಿ ಕೆಫೀನಿಗಿಂತ ಎಷ್ಟೋ ಸಾವಿರ ಪಟ್ಟು ಚುರುಕಾಗಿತ್ತು. ಮನುಷ್ಯರಿಗೆ ಕೊಟ್ಟಾಗ ರಕ್ತದ ಒಂದು ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಂಡು ವಾರಗಟ್ಟಲೆ ಅಲ್ಲೇ ಉಳಿಯಿತು. ಪ್ರಾಣಿಗಳಲ್ಲಿ ಇದು ಗೊತ್ತೇ ಆಗಿರಲಿಲ್ಲ. ಬೇರೆ ಕೆಲವು ಔಷಧಗಳೂ ಅಡ್ಡಪರಿಣಾಮಗಳಿಂದ ನಿಂತವು. 2020ರಲ್ಲಿ ಎಟಿಆರ್ ತಡೆಯುವ ಬರ್ಜೊಸರ್ಟಿಬ್ ಔಷಧದ ಫಲಿತಾಂಶ ಬಂತು. ಪ್ಲಾಟಿನಂ ಔಷಧಗಳಿಗೆ ಬಗ್ಗದ ಅಂಡಾಶಯದ ಕ್ಯಾನ್ಸರ್ ಇದ್ದ 70 ಹೆಂಗಸರನ್ನು ಈ ಸಲ ಚೀಟಿ ಎತ್ತಿದ ಹಾಗೆಯೇ ಎರಡು ಗುಂಪು ಮಾಡಿದ್ದರು. ಜೆಮ್ಸಿಟಾಬಿನ್ ಮಾತ್ರ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಮ ಅಂಕಿ 14.7 ವಾರ, ಜೊತೆಗೆ ಬರ್ಜೊಸರ್ಟಿಬ್ ಪಡೆದವರಲ್ಲಿ 22.9 ವಾರ. ಒಟ್ಟು ಬದುಕಿದ ಅವಧಿಯಲ್ಲಿ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ಎಂಟು ವಾರ. ನಮ್ಮ ಕೆಲಸದಲ್ಲಿ ಎಂಟು ವಾರ ಅಂದರೆ ನಾಲ್ಕು ಸ್ಪ್ರಿಂಟು, ಕಣ್ಣು ಮುಚ್ಚಿ ತೆಗೆಯೋದರೊಳಗೆ ಕಳೆದುಹೋಗುತ್ತೆ. ಮನೆಯಲ್ಲಿ ಕೀಮೋ ಕಂಡವರಿಗೆ ಎಂಟು ವಾರ ಅಂದರೆ ಏನು ಅಂತ ನಾನು ಬರೆಯಬೇಕಾಗಿಲ್ಲ.

ಹಾಗಾಗಿ "ಕಾಫಿ ಕುಡಿದರೆ ಕೀಮೋ ಚೆನ್ನಾಗಿ ಹತ್ತುತ್ತೆ" ಅನ್ನೋ ಮೆಸೇಜು ನಿಮಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದು ಪೂರ್ತಿ ಕಟ್ಟುಕಥೆಯೂ ಅಲ್ಲ, ಅದೇ ಅದರ ಅಪಾಯ. ಲ್ಯಾಬಿನ ತಟ್ಟೆಯಲ್ಲಿ ನಿಜವಾದದ್ದನ್ನು ಲೋಟಕ್ಕೆ ಸುರಿದು ಕೊಟ್ಟಿದ್ದಾರೆ, ನಡುವಿನ 200 ಪಟ್ಟಿನ ಲೆಕ್ಕ ಬಿಟ್ಟುಬಿಟ್ಟಿದ್ದಾರೆ. ಕೀಮೋ ನಡೆಯುವಾಗ ಕಾಫಿ ಎಷ್ಟು ಕುಡಿಯಬಹುದು ಅನ್ನೋದನ್ನು ಚಿಕಿತ್ಸೆ ಕೊಡುವ ಡಾಕ್ಟರನ್ನೇ ಕೇಳಬೇಕು. ದೊಡ್ಡಪ್ಪನಿಗೆ ನಾನು ಹೇಳಿದ್ದೂ ಇಷ್ಟೇ. ಅವರ ಡಾಕ್ಟರು ದಿನಕ್ಕೆ ಒಂದು ಲೋಟಕ್ಕೆ ಅಡ್ಡಿಯಿಲ್ಲ ಅಂದರಂತೆ.

ಬಯಾಲಜಿ ಓದಿದ ಗೆಳೆಯರು ಯಾರಾದರೂ ಇತ್ತ ಬಂದರೆ ಎಟಿಎಂ-ಎಟಿಆರ್ ಗಲಾಟೆ ಬಗ್ಗೆ ಇನ್ನಷ್ಟು ಸರಳವಾಗಿ ಬರೆಯಿರಿ, ಲಿಂಕು ಕೊಡಿ, ಖಂಡಿತಾ ಬಂದು ಓದ್ತೀನಿ.